ಸಿಮ್ಯುಲಿಂಕ್, ಸ್ಟೇಟ್‌ಫ್ಲೋ, ಎಂಬೆಡೆಡ್ ಕೋಡರ್: ಬ್ಯಾಟರಿ ಕೆಲಸದವನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮಾರ್ಕು 5ಕ್ಕೆ 4. ಉಳಿದ ಒಂದು ಯಾಕೆ ಕೊಡಲಿಲ್ಲ ಅಂತ ಹೇಳುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕು. ಟೀ ಇಟ್ಟುಕೊಂಡು ಕೂತುಕೊಳ್ಳಿ.

ನಾನು ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿಗೆ ಸಾಫ್ಟ್‌ವೇರ್ ಮಾಡುವವನು. ಬಿಎಂಎಸ್ ಅನ್ನುತ್ತಾರೆ, ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ. ಕಾಲೇಜು ಬಿಎಂಎಸ್ ಅಲ್ಲ, ಬಸವನಗುಡಿಯವರು ಬೇಜಾರು ಮಾಡ್ಕೋಬೇಡಿ. ಸೆಲ್ಲು ಬಿಸಿಯಾಯಿತಾ, ವೋಲ್ಟೇಜ್ ಮಿತಿ ಮೀರಿತಾ ಅಂತ ನೋಡುತ್ತಾ ಇರುವುದು, ಏನಾದರೂ ಎಡವಟ್ಟಾದರೆ ಬ್ಯಾಟರಿಯನ್ನು ಗಾಡಿಯಿಂದ ಕಡಿದು ಹಾಕುವುದು, ಇಷ್ಟೇ ಅದರ ಕೆಲಸ. ಕೇಳುವುದಕ್ಕೆ ಸುಲಭ. ಆದರೆ ಕಡಿಯಬೇಕಾದಾಗ ಕಡಿಯದಿದ್ದರೆ ಬೆಂಕಿ, ಕಡಿಯಬಾರದ ಹೊತ್ತಿನಲ್ಲಿ ಕಡಿದರೆ ಫ್ಲೈಓವರ್ ಮೇಲೆ ಹಿಂದೆ ಲಾರಿ ಬರುತ್ತಿರುವಾಗ ಗಾಡಿ ಸತ್ತು ನಿಲ್ಲುತ್ತದೆ. ಹಾಗಾಗಿ ನಮ್ಮ ಕೆಲಸಕ್ಕೆ ಐಎಸ್‌ಒ 26262 ಅನ್ನುವ, ಗಾಡಿಯ ಎಲೆಕ್ಟ್ರಾನಿಕ್ಸ್ ಸುರಕ್ಷತೆಯ ಸ್ಟ್ಯಾಂಡರ್ಡ್ ತಲೆ ಮೇಲೆ ಕೂತಿರುತ್ತದೆ. 2011ರಲ್ಲಿ ಬಂದಾಗ ಅದು ಕಾರುಗಳಿಗೆ ಮಾತ್ರ ಇತ್ತು, 2018ರ ಎರಡನೇ ಆವೃತ್ತಿಯಲ್ಲಿ ಲಾರಿ, ಬಸ್ಸುಗಳನ್ನೂ ಸೇರಿಸಿ, ಬೈಕುಗಳಿಗೇ ಅಂತ ಒಂದು ಭಾಗ ಇಟ್ಟರು.

ಶುರುವಿನಲ್ಲಿ ನಾನು ಕೈಯಲ್ಲೇ ಸಿ ಬರೆಯುತ್ತಿದ್ದವನು. ಆಮೇಲೆ ಕಂಪನಿ ಬದಲಾಯಿತು, ಅಲ್ಲಿ ಎಲ್ಲವೂ ಮಾಡೆಲ್. ಮೊದಲ ತಿಂಗಳು ನನಗೆ ಇದು ಮಕ್ಕಳ ಆಟದ ಥರ ಕಂಡಿತ್ತು. ಚೌಕ ಎಳಿ, ಗೆರೆ ಎಳಿ, ಬಟನ್ ಒತ್ತು, ಕೋಡ್ ಬಂತು. ಇದೂ ಒಂದು ಎಂಜಿನಿಯರಿಂಗಾ ಅಂತ ಮೂಗು ಮುರಿದಿದ್ದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸಿಮ್ಯುಲಿಂಕ್ ಅನ್ನುವುದು ಮ್ಯಾಟ್‌ಲ್ಯಾಬ್ ಮಾಡುವ ಮ್ಯಾಥ್‌ವರ್ಕ್ಸ್‌ನವರದೇ. ಪರದೆ ಮೇಲೆ ಬ್ಲಾಕ್‌ಗಳನ್ನು ಇಟ್ಟು ತಂತಿಯಿಂದ ಜೋಡಿಸುತ್ತೀರಿ: ಇದು ಕೂಡು, ಇದು ಗುಣಿಸು, ಇದು ಮಿತಿ ಹಾಕು, ಇದು ಒಂದು ಹೆಜ್ಜೆ ತಡ ಮಾಡು. ಸ್ಟೇಟ್‌ಫ್ಲೋ ಅದರೊಳಗೇ ಕೂರುತ್ತದೆ, 'ಈಗ ಈ ಸ್ಥಿತಿ, ಹೀಗಾದರೆ ಆ ಸ್ಥಿತಿ' ಅನ್ನುವ ಲೆಕ್ಕಕ್ಕೆ. ಎಂಬೆಡೆಡ್ ಕೋಡರ್ ಈ ಚಿತ್ರವನ್ನೆಲ್ಲ ಸಿ ಕೋಡ್ ಮಾಡಿ ಕೊಡುತ್ತದೆ. ಅದನ್ನು ಕಂಪೈಲ್ ಮಾಡಿ ಗಾಡಿಯ ಮೈಕ್ರೋಕಂಟ್ರೋಲರ್‌ಗೆ ಹಾಕುತ್ತೇವೆ. ಮೂರಕ್ಕೂ ಬೇರೆ ಬೇರೆ ದುಡ್ಡು. ಟೆಸ್ಟ್ ಮಾಡುವ, ಕವರೇಜ್ (ಟೆಸ್ಟ್‌ಗಳು ಎಷ್ಟು ಸಂದರ್ಭಗಳನ್ನು ಮುಟ್ಟಿದವು ಅಂತ) ಅಳೆಯುವ ಟೂಲ್‌ಗಳಿಗೆ ಮತ್ತೆ ಬೇರೆ. ಇಡ್ಲಿಗೆ ಒಂದು ರೇಟು, ಚಟ್ನಿಗೆ ಒಂದು, ಸಾಂಬಾರಿಗೆ ಇನ್ನೊಂದು ಅನ್ನುವ ಹೋಟೆಲ್ ಇದು. ಆದರೆ ಚಟ್ನಿ ಇಲ್ಲದೆ ಇಡ್ಲಿ ಇಳಿಯುವುದಿಲ್ಲ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು.

ಈಗ ಅಸಲು ಕಥೆಗೆ ಬರುತ್ತೇನೆ. ಟೂಲ್ ಹೇಗಿದೆ ಅಂತ ಫೀಚರ್ ಪಟ್ಟಿ ಓದಿದರೆ ಗೊತ್ತಾಗುವುದಿಲ್ಲ, ಒಂದು ಸಣ್ಣ ಕೆಲಸವನ್ನು ಬಿಡಿಸಿ ನೋಡಬೇಕು.

ನಮ್ಮದು ಸರಕು ಸಾಗಿಸುವ ಸಣ್ಣ ಗಾಡಿ, ಬ್ಯಾಟರಿ ಸುಮಾರು 350 ವೋಲ್ಟ್. ಬ್ಯಾಟರಿಗೂ ಇನ್ವರ್ಟರ್‌ಗೂ (ಮೋಟರ್ ಓಡಿಸುವ ಡಬ್ಬ) ಮಧ್ಯೆ ಕಾಂಟಾಕ್ಟರ್ ಇರುತ್ತದೆ, ಅಂದರೆ ದೊಡ್ಡ ರಿಲೇ. ಇನ್ವರ್ಟರ್ ಒಳಗೆ ಒಂದು ಕೆಪಾಸಿಟರ್, ನಮ್ಮದರಲ್ಲಿ 500 ಮೈಕ್ರೋಫ್ಯಾರಡ್. ಖಾಲಿ ಕೆಪಾಸಿಟರ್‌ಗೆ 350 ವೋಲ್ಟನ್ನು ನೇರವಾಗಿ ಜೋಡಿಸಿದರೆ ಒಂದು ಕ್ಷಣ ಸಾವಿರಾರು ಆಂಪಿಯರ್ ನುಗ್ಗುತ್ತದೆ. ಕಾಂಟಾಕ್ಟರ್‌ನ ಬಾಯಿ ಬೆಸೆದುಕೊಂಡುಬಿಡುತ್ತದೆ. ಹಾಗೆ ವೆಲ್ಡ್ ಆದ ಕಾಂಟಾಕ್ಟರ್ ಮತ್ತೆ ತೆರೆಯುವುದಿಲ್ಲ, ಅಂದರೆ ಬೆಂಕಿ ಬಿದ್ದರೂ ಬ್ಯಾಟರಿಯನ್ನು ಕಡಿಯುವುದಕ್ಕೆ ಆಗುವುದಿಲ್ಲ. ಅದಕ್ಕೇ ಮೊದಲು ಒಂದು ಸಣ್ಣ ರಿಲೇ, 50 ಓಮ್‌ನ ರೆಸಿಸ್ಟರ್ ಮೂಲಕ ನಿಧಾನಕ್ಕೆ ತುಂಬಿಸುವುದು. ಇದು ಪ್ರೀಚಾರ್ಜ್. 350 ಭಾಗಿಸು 50, ಜಾಸ್ತಿ ಅಂದರೆ 7 ಆಂಪಿಯರ್. ಟೈಮ್ ಕಾನ್‌ಸ್ಟೆಂಟ್ (ರೆಸಿಸ್ಟರ್ ಗುಣಿಸು ಕೆಪಾಸಿಟರ್) 25 ಮಿಲಿಸೆಕೆಂಡು, ಅದರ ಮೂರರಷ್ಟು, ಅಂದರೆ 75 ಮಿಲಿಸೆಕೆಂಡಿಗೆ ಕೆಪಾಸಿಟರ್ 95 ಪರ್ಸೆಂಟ್ ತುಂಬಿರುತ್ತದೆ. ಆಮೇಲೆ ದೊಡ್ಡ ಕಾಂಟಾಕ್ಟರ್ ಮುಚ್ಚಬಹುದು. 300 ಮಿಲಿಸೆಕೆಂಡಾದರೂ ತುಂಬದಿದ್ದರೆ ಎಲ್ಲೋ ಏನೋ ಸರಿ ಇಲ್ಲ ಅಂತ ರಿಲೇ ಬಿಡಬೇಕು, ಒಂದು ಸೆಕೆಂಡ್ ಕಾದು ಮತ್ತೆ ಪ್ರಯತ್ನಿಸಬೇಕು. ಮೂರು ಸಲ ಸೋತರೆ ಲಾಕ್. ಆಮೇಲೆ ಸರ್ವಿಸ್ ಸೆಂಟರ್‌ನವರೇ ಬಿಚ್ಚಬೇಕು.

ಇದನ್ನು ಕೈಯಲ್ಲಿ ಸಿ ಬರೆದರೆ ಒಂದು ಇನ್ನೂರು ಸಾಲಿನ ಸ್ವಿಚ್-ಕೇಸ್ ಆಗುತ್ತದೆ. ಬರೆದವನಿಗೆ ಬಿಟ್ಟರೆ ಯಾರಿಗೂ ಅರ್ಥವಾಗುವುದಿಲ್ಲ, ಆರು ತಿಂಗಳಾದ ಮೇಲೆ ಬರೆದವನಿಗೂ ಆಗುವುದಿಲ್ಲ. ಸ್ಟೇಟ್‌ಫ್ಲೋದಲ್ಲಿ ಇದು ಐದು ಚೌಕ, ಒಂದಷ್ಟು ಬಾಣ. ಹಾರ್ಡ್‌ವೇರ್‌ನವರನ್ನು ಕೂರಿಸಿಕೊಂಡು ತೋರಿಸಬಹುದು. ನಮ್ಮ ಹಾರ್ಡ್‌ವೇರ್ ಲೀಡ್ ಸಿ ಕೋಡ್ ಕಂಡರೆ ಎದ್ದು ಹೋಗುವ ಮನುಷ್ಯ. ಆದರೆ ಚಿತ್ರ ನೋಡಿ ಬೆರಳಿಟ್ಟು, 'ಇಲ್ಲಿಂದ ಇಲ್ಲಿಗೆ ಬಾಣವೇ ಇಲ್ವಲ್ರೀ, ಕೀ ಆಫ್ ಮಾಡಿದ್ರೆ ಎಲ್ಲಿಗೆ ಹೋಗ್ತೀರಿ?' ಅಂದರು. ಹೌದು, ಬಾಣ ಇರಲಿಲ್ಲ. ಮಾಡೆಲ್‌ನಿಂದ ನನಗೆ ಸಿಕ್ಕ ಮೊದಲ ಲಾಭ ಇದು. ಸಾಫ್ಟ್‌ವೇರ್ ಓದಲು ಬಾರದವರೂ ಅದರ ತಪ್ಪು ಹಿಡಿದರು.

ಎರಡನೆಯದು ಟೆಸ್ಟ್. ಬೋರ್ಡ್ ಬರುವುದಕ್ಕೆ ಇನ್ನೂ ಎರಡು ತಿಂಗಳಿದೆ ಅಂತಿಟ್ಟುಕೊಳ್ಳಿ. ಬ್ಯಾಟರಿ, ಕಾಂಟಾಕ್ಟರ್, ಕೆಪಾಸಿಟರ್ ಎಲ್ಲದರ ಮಾಡೆಲ್ಲನ್ನೂ ಸಿಮ್ಯುಲಿಂಕ್‌ನಲ್ಲೇ ಮಾಡಿ (ಇದಕ್ಕೆ ಪ್ಲಾಂಟ್ ಮಾಡೆಲ್ ಅನ್ನುತ್ತೇವೆ) ನಮ್ಮ ಕಂಟ್ರೋಲ್ ಮಾಡೆಲ್‌ಗೆ ಜೋಡಿಸಿ ಓಡಿಸಬಹುದು. ಇದು ಮಿಲ್ (ಮಾಡೆಲ್-ಇನ್-ದ-ಲೂಪ್). ಅದೇ ಟೆಸ್ಟ್‌ಗಳನ್ನು ಜನರೇಟ್ ಆದ ಸಿ ಕೋಡ್ ಮೇಲೆ ಓಡಿಸಿದರೆ ಸಿಲ್. ನಿಜವಾದ ಚಿಪ್ ಮೇಲೆ ಓಡಿಸಿದರೆ ಪಿಲ್. ನಿಜವಾದ ಕಂಟ್ರೋಲರ್ ಡಬ್ಬವನ್ನು ನಕಲಿ ಬ್ಯಾಟರಿಗೆ ಜೋಡಿಸಿ ಓಡಿಸುವುದು ಹಿಲ್. ಮಾಡೆಲ್‌ನ ಉತ್ತರವೂ ಕೋಡ್‌ನ ಉತ್ತರವೂ ಒಂದೇನಾ ಅಂತ ಪಕ್ಕಪಕ್ಕ ಇಟ್ಟು ನೋಡುವ ಪರೀಕ್ಷೆಯನ್ನು 26262 ಏಸಿಲ್-ಸಿ, ಏಸಿಲ್-ಡಿ ಕೆಲಸಗಳಿಗೆ ಬಲವಾಗಿ ಶಿಫಾರಸು ಮಾಡುತ್ತದೆ (ಏಸಿಲ್ ಅಂದರೆ ಅಪಾಯದ ಮಟ್ಟ, ಎಯಿಂದ ಡಿ ತನಕ, ಡಿ ಅತಿ ಕಟ್ಟುನಿಟ್ಟು). ನಮ್ಮ ಪ್ರೀಚಾರ್ಜ್ ಏಸಿಲ್-ಸಿ. ಹಾಗಾಗಿ ಮಾಡಿದೆವು. ಎಲ್ಲಾ ಹಸಿರು. ಮಿಲ್ ಪಾಸ್, ಸಿಲ್ ಪಾಸ್, ಎರಡರ ವ್ಯತ್ಯಾಸ ಸೊನ್ನೆ.

ಹಿಲ್ ಬೆಂಚಿಗೆ ಬಂದಾಗ ಮಾತ್ರ ಎಡವಟ್ಟಾಯಿತು. ಆ ಬೆಂಚಿನಲ್ಲಿ ಬ್ಯಾಟರಿ ನಕಲಿ, ಆದರೆ ಕಾಂಟಾಕ್ಟರ್, ರಿಲೇ ನಿಜವಾದವು. ಮುಚ್ಚಿದಾಗ 'ಟಕ್' ಅಂತ ಕೇಳಿಸುತ್ತದೆ. ಪ್ರೀಚಾರ್ಜ್ ಬೇಕಂತಲೇ ಸೋಲುವ ಹಾಗೆ ಮಾಡಿ ಟೆಸ್ಟ್ ಓಡಿಸಿದೆವು. ಲಾಕ್ ಆಯಿತು. ಲಾಗ್‌ನಲ್ಲಿ ಪ್ರಯತ್ನದ ಲೆಕ್ಕ 3. ಸರಿ, ಪಾಸ್ ಅಂತ ನಾನು ಟಿಕ್ ಹಾಕಲು ಹೋದೆ. ಟೆಸ್ಟಿಂಗ್ ಮೇಡಂ ಕೈ ಅಡ್ಡ ಹಿಡಿದರು. 'ಲಾಗ್ ಏನಾದ್ರೂ ಹೇಳ್ಲಿ, ನಂಗೆ ಕೇಳಿಸಿದ್ದು ಒಂದೇ ಸಲ.'

ಮತ್ತೆ ಓಡಿಸಿದೆವು. ಹೌದು. ಒಂದೇ ಸಲ ಟಕ್. ಮೂರು ಸಲ ಪ್ರಯತ್ನಿಸಿದೆ ಅನ್ನುತ್ತಿದೆ ಕೋಡು, ಪ್ರಯತ್ನಿಸಿದ್ದು ಒಂದು ಸಲ.

ಇಡೀ ಮಧ್ಯಾಹ್ನ ಕೂತು ನೋಡಿದರೆ ತಪ್ಪು ನನ್ನ ಬಾಣದಲ್ಲೇ ಇತ್ತು. ಸ್ಟೇಟ್‌ಫ್ಲೋದಲ್ಲಿ ಒಂದು ಬಾಣದ ಮೇಲೆ ಚೌಕ ಬ್ರಾಕೆಟ್ ಒಳಗೆ ಷರತ್ತು, ಅದರ ಪಕ್ಕ ಹೂ ಬ್ರಾಕೆಟ್ ಒಳಗೆ ಮಾಡಬೇಕಾದ ಕೆಲಸ ಬರೆಯಬಹುದು. ಬಾಣ ನೇರ ಇನ್ನೊಂದು ಚೌಕಕ್ಕೆ ಹೋಗಬೇಕೆಂದಿಲ್ಲ, ಮಧ್ಯೆ ಒಂದು ಸಣ್ಣ ದುಂಡನೆಯ ಜಂಕ್ಷನ್ ಇಟ್ಟು ಅಲ್ಲಿಂದ ಕವಲೊಡೆಸಬಹುದು. ನಾನು ಬರೆದದ್ದು ಹೀಗೆ: ಟೈಮ್ ಮೀರಿದರೆ, ಹೂ ಬ್ರಾಕೆಟ್ ಒಳಗೆ 'ಲೆಕ್ಕಕ್ಕೆ ಒಂದು ಕೂಡು', ಜಂಕ್ಷನ್‌ಗೆ ಬಾ. ಅಲ್ಲಿ ಲೆಕ್ಕ ಮೂರಾಗಿದ್ದರೆ ಲಾಕ್‌ಗೆ ಹೋಗು. ಇಲ್ಲವಾದರೆ, ರಿಲೇ ತೆರೆದಿದೆ ಅಂತ ಫೀಡ್‌ಬ್ಯಾಕ್ ಬಂದಿದ್ದರೆ, ಕಾಯುವ ಸ್ಥಿತಿಗೆ ಹೋಗು.

ಫೀಡ್‌ಬ್ಯಾಕ್ ಇನ್ನೂ ಬಂದಿಲ್ಲದಿದ್ದರೆ? ಜಂಕ್ಷನ್‌ನಿಂದ ಎಲ್ಲಿಗೂ ದಾರಿ ಇಲ್ಲ, ಹಿಂದಕ್ಕೆ ಬರುತ್ತದೆ, ಇದ್ದ ಸ್ಥಿತಿಯಲ್ಲೇ ಉಳಿಯುತ್ತದೆ. ಆದರೆ ಹೂ ಬ್ರಾಕೆಟ್ ಒಳಗಿನ ಕೆಲಸ ಆಗಿಹೋಗಿರುತ್ತದೆ! ಬಾಣ ಪೂರ್ತಿ ದಾಟಲಿ ಬಿಡಲಿ, ಆ ತುಂಡಿನ ಷರತ್ತು ನಿಜವಾದರೆ ಸಾಕು, ಅದು ನಡೆಯುತ್ತದೆ. ನಮ್ಮ ಕೋಡು 10 ಮಿಲಿಸೆಕೆಂಡಿಗೊಮ್ಮೆ ಓಡುತ್ತದೆ, ಅದೇ ಒಂದು ಹೆಜ್ಜೆ. ನಿಜವಾದ ರಿಲೇ ತೆರೆದು, ಅದರ ಫೀಡ್‌ಬ್ಯಾಕ್ ಅಲುಗಾಟ ನಿಂತು ನಮಗೆ ತಲುಪುವುದಕ್ಕೆ ಸುಮಾರು 30 ಮಿಲಿಸೆಕೆಂಡು ಬೇಕು. ಅಷ್ಟರಲ್ಲಿ ಲೆಕ್ಕ 1, 2, 3. ಲಾಕ್.

ಇದು ಟೂಲ್‌ನ ಬಗ್ ಅಲ್ಲ, ಕೈಪಿಡಿಯಲ್ಲೇ ಬರೆದಿದೆ. ನನಗೂ ಗೊತ್ತಿತ್ತು, ಪರೀಕ್ಷೆಗೆ ಓದಿದ್ದು ಗೊತ್ತಿರುವ ಹಾಗೆ. ಲೆಕ್ಕ ಕೂಡುವುದನ್ನು ಕಾಯುವ ಸ್ಥಿತಿಯ ಎಂಟ್ರಿಗೆ (ಆ ಸ್ಥಿತಿಯ ಒಳಗೆ ಬಂದಾಗ ಒಂದೇ ಸಲ ನಡೆಯುವ ಕೆಲಸ) ತಳ್ಳಿ, ಮೂರಾಯಿತಾ ಅನ್ನುವ ಪ್ರಶ್ನೆಯನ್ನೂ ಅದರ ಜೊತೆ ಸಾಗಿಸಿದರೆ ಆಯಿತು. ತಿದ್ದಲು ಹಿಡಿದದ್ದು ನಾಲ್ಕು ನಿಮಿಷ.

ಹಾಗಾದರೆ ಮಿಲ್‌ನಲ್ಲಿ ಯಾಕೆ ಸಿಗಲಿಲ್ಲ? ನಮ್ಮ ಪ್ಲಾಂಟ್ ಮಾಡೆಲ್‌ನಲ್ಲಿ ರಿಲೇ ಆದರ್ಶ ಪುರುಷ. ತೆರೆ ಅಂದ ತಕ್ಷಣ ತೆರೆಯುತ್ತಿತ್ತು, ಫೀಡ್‌ಬ್ಯಾಕ್ ಅದೇ ಕ್ಷಣ ಬರುತ್ತಿತ್ತು. ನಮ್ಮ ಆದೇಶ ಒಂದು ಹೆಜ್ಜೆ ಮುಂಚೆಯೇ ಹೋಗುತ್ತಿದ್ದರಿಂದ, ಜಂಕ್ಷನ್‌ಗೆ ಬರುವಷ್ಟರಲ್ಲಿ ದಾರಿ ಯಾವಾಗಲೂ ತೆರೆದೇ ಇರುತ್ತಿತ್ತು. ಮುಖ್ಯ ಕಾಂಟಾಕ್ಟರ್‌ಗಳು ವೆಲ್ಡ್ ಆದರೆ ಏನು ಅಂತ ಟೆಸ್ಟ್ ಬರೆದಿದ್ದೆವು, ಈ ಸಣ್ಣ ರಿಲೇಗೆ ಬರೆದಿರಲಿಲ್ಲ. ಮಾಡೆಲ್ ತಪ್ಪು, ಕೋಡು ಆ ತಪ್ಪಿನ ಪಕ್ಕಾ ನಕಲು. ಎರಡನ್ನೂ ಹೋಲಿಸಿದರೆ ವ್ಯತ್ಯಾಸ ಸೊನ್ನೆ ಬರದೆ ಇನ್ನೇನು ಬರುತ್ತದೆ, ಅಲ್ವಾ?

ಇನ್ನೂ ಹೊಟ್ಟೆ ಉರಿಸುವ ವಿಷಯ ಇದೆ. ಕವರೇಜ್ ರಿಪೋರ್ಟ್ ಇದನ್ನು ತೋರಿಸಿತ್ತು. 'ಟೈಮ್ ಮೀರಿದ ಮೇಲೆ ರಿಲೇ ಇನ್ನೂ ತೆರೆದಿಲ್ಲ' ಅನ್ನುವ ಸಂದರ್ಭ ಒಂದು ಸಲವೂ ಬಂದಿಲ್ಲ ಅಂತ ಕೆಂಪು ಬಣ್ಣದಲ್ಲಿ ಹೇಳಿತ್ತು. ಅದರ ಪಕ್ಕ ಕಾರಣ ಬರೆಯುವ ಜಾಗದಲ್ಲಿ 'ಈ ಸಂದರ್ಭ ಬರಲು ಸಾಧ್ಯವಿಲ್ಲ' ಅಂತ ಬರೆದವನು ಯಾರು? ನಾನೇ. ರಿವ್ಯೂ ಮಾಡಿದವರು ಸಹಿ ಹಾಕಿದ್ದರು. ಗುರುವಾರ ಸಂಜೆ, ಶುಕ್ರವಾರ ಡೆಲಿವರಿ. ಅಷ್ಟು ಹೇಳಿದರೆ ಈ ಕೆಲಸ ಮಾಡುವವರಿಗೆಲ್ಲ ಅರ್ಥವಾಗುತ್ತದೆ.

ಅದಕ್ಕೇ ಈ ಟೂಲ್‌ಗಳಲ್ಲಿ ನನಗೆ ಅತಿ ಹೆಚ್ಚು ಬೆಲೆ ಅನ್ನಿಸುವುದು ಕೋಡ್ ಜನರೇಟರ್ ಅಲ್ಲ, ಕವರೇಜ್ ಟೂಲ್. ಕೋಡ್ ಕೈಯಲ್ಲೂ ಬರೆಯಬಹುದು. 'ನೀನು ಇದನ್ನು ಯೋಚಿಸಲೇ ಇಲ್ಲ' ಅಂತ ಮುಖಕ್ಕೆ ಹೇಳುವವರು ಬೇಕು. ಅದರಲ್ಲಿ ಎಂಸಿಡಿಸಿ ಅಂತ ಒಂದು ಅಳತೆ ಇದೆ. ವಿಮಾನದ ಲೆವೆಲ್ ಎ (ಅತಿ ಕಟ್ಟುನಿಟ್ಟಿನ ಮಟ್ಟ) ಸಾಫ್ಟ್‌ವೇರ್‌ಗೆ ಕಡ್ಡಾಯ, ನಮ್ಮ ಕಡೆ ಏಸಿಲ್-ಡಿಗೆ ಬಲವಾದ ಶಿಫಾರಸು. ಮೂರು ಷರತ್ತು ಸೇರಿ ಒಂದು ನಿರ್ಧಾರ ಇದ್ದರೆ ಎಲ್ಲಾ ಜೋಡಣೆಗಳು 8. ಅಷ್ಟೂ ಬೇಡ, ಆದರೆ ಪ್ರತಿ ಷರತ್ತೂ ತಾನೊಂದೇ ಬದಲಾಗಿ ಉತ್ತರವನ್ನು ಬದಲಿಸಿದ್ದನ್ನು ತೋರಿಸಬೇಕು. ಕನಿಷ್ಠ 4 ಟೆಸ್ಟ್ ಸಾಕಾಗುತ್ತದೆ. ಐದು ಷರತ್ತಾದರೆ ಎಲ್ಲಾ ಜೋಡಣೆ 32, ಇದಕ್ಕೆ 6. ಹೀಗೆ ತೋರಿಸಲು ಆಗದ ಷರತ್ತು ಇದ್ದರೆ ಒಂದೋ ಅದು ಬೇಡದ ಷರತ್ತು, ಇಲ್ಲವೇ ನಿಮ್ಮ ಪ್ಲಾಂಟ್ ಮಾಡೆಲ್ ಸುಳ್ಳು ಹೇಳುತ್ತಿದೆ. ನಮ್ಮದು ಎರಡನೆಯದು. ಡಿಸೈನ್ ವೆರಿಫೈಯರ್ ಅಂತ ಇನ್ನೊಂದು ಟೂಲ್ ಇದೆ, ಕವರ್ ಆಗದ ಜಾಗಕ್ಕೆ ತಾನೇ ಲೆಕ್ಕ ಹಾಕಿ ಟೆಸ್ಟ್ ಹುಡುಕಿ ಕೊಡುತ್ತದೆ. ಆ ಕೆಂಪು ಜಾಗಕ್ಕೆ ಅದನ್ನು ಓಡಿಸಿದ್ದರೆ, ನಾನು 'ಸಾಧ್ಯವಿಲ್ಲ' ಅಂದದ್ದನ್ನು ಇಗೋ ಹೀಗೆ ಸಾಧ್ಯ ಅಂತ ತೋರಿಸುತ್ತಿತ್ತು. ಓಡಿಸಲಿಲ್ಲ. ಶುಕ್ರವಾರ ಡೆಲಿವರಿ.

ಟೂಲ್ ಕೊಳ್ಳುವಾಗ 'ತಾನಾಗೇ ಸೇಫ್ ಕೋಡ್ ಬರುತ್ತೆ' ಅನ್ನುವ ಮಾತು ಯಾರಾದರೂ ಹೇಳಿದರೆ ನಂಬಬೇಡಿ. ಏರಿಯನ್ 5 ರಾಕೆಟ್ ನೆನಪಿದೆಯಾ? 1996ರ ಜೂನ್ 4, ಕುರೂನಿಂದ ಮೊದಲ ಹಾರಾಟ, ಹೊರಟು 40 ಸೆಕೆಂಡೂ ಆಗಿರಲಿಲ್ಲ, ದಾರಿ ತಪ್ಪಿ ಚೂರಾಯಿತು. 64 ಬಿಟ್‌ನ ದಶಮಾಂಶ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕಕ್ಕೆ ತುರುಕಲು ಹೋಗಿ ಹಿಡಿಸಲಿಲ್ಲ. ಆ ಕೋಡು ಏರಿಯನ್ 4ರಲ್ಲಿ ಸರಿಯಾಗೇ ಇತ್ತು, ಹೊಸ ರಾಕೆಟ್‌ನ ಅಡ್ಡ ವೇಗ ಜಾಸ್ತಿ. ಈಗ ಸಿಮ್ಯುಲಿಂಕ್ ತೆಗೆದು ಒಂದು ಡೇಟಾ ಟೈಪ್ ಕನ್ವರ್ಶನ್ ಬ್ಲಾಕ್ ಇಡಿ. ಸಂಖ್ಯೆ ಹಿಡಿಸದಿದ್ದರೆ ಮಿತಿಯಲ್ಲೇ ನಿಲ್ಲಿಸು ಅನ್ನುವ ಟಿಕ್ ಬಾಕ್ಸ್ ಇದೆ. ಅದು ಮೊದಲಿನಿಂದ ಆಫ್. ನೀವಾಗಿಯೇ ಯೋಚಿಸಿ ಆನ್ ಮಾಡಬೇಕು, ಇಲ್ಲವೇ ಯಾಕೆ ಬೇಡ ಅಂತ ಬರೆದಿಡಬೇಕು. ನಮ್ಮಲ್ಲಿ ಕರೆಂಟ್ ಸೆನ್ಸರ್‌ನ ದಾರಿಯಲ್ಲಿ ಇಂಥ ಬ್ಲಾಕ್ 14 ಇದ್ದವು. ಹದಿನಾಲ್ಕಕ್ಕೂ ಕೂತು ಬರೆದೆವು. ಬೋರು ಹೊಡೆಯುವ ಕೆಲಸ, ಆದರೆ ಅದೇ ಕೆಲಸ.

ಇನ್ನು ಪಕ್ಕದ ಅಂಗಡಿ, ಸ್ಕೇಡ್. ಇದೂ ಚಿತ್ರದಿಂದ ಕೋಡ್ ಮಾಡುವ ಟೂಲೇ. ಹೋಲಿಸದೆ ರಿವ್ಯೂ ಬರೆದರೆ ಕಾಮೆಂಟ್‌ನಲ್ಲಿ ಬೈಸಿಕೊಳ್ಳಬೇಕು. ವಿಮಾನದ ಕಡೆ ಕೆಲಸ ಮಾಡುವ ಗೆಳೆಯನ ಪಕ್ಕ ಕೂತು ಕೆಲವು ದಿನ ಬಳಸಿದ್ದೇನೆ, ಅಷ್ಟೇ ನನ್ನ ಅನುಭವ. ಇದರ ಬೇರು ಲಸ್ಟರ್ ಅನ್ನುವ ಭಾಷೆಯಲ್ಲಿದೆ, 1980ರ ದಶಕದಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪಾಲ್ ಕಾಸ್ಪಿ, ನಿಕೋಲಾ ಆಲ್ಬ್‌ವಾಕ್ಸ್ ಮಾಡಿದ್ದು. ಅಲ್ಲಿನ ಅಣುಸ್ಥಾವರದವರೂ ವಿಮಾನದವರೂ ಅದೇ ಹೊತ್ತಿಗೆ ತಮ್ಮದೇ ಚಿತ್ರದ ಭಾಷೆಗಳನ್ನು ಬಳಸುತ್ತಿದ್ದರು. ಅವೆಲ್ಲ ಸೇರಿ ಸ್ಕೇಡ್ ಆಯಿತು. ಏರ್‌ಬಸ್ ಎ380ರ ಹಾರಾಟ ನಿಯಂತ್ರಣದ ಸಾಫ್ಟ್‌ವೇರ್‌ಗೆ ಇದನ್ನು ಬಳಸಿದ್ದಾರೆ. ಮಾರುವ ಕಂಪನಿ ಹಲವು ಸಲ ಕೈ ಬದಲಾಯಿಸಿದೆ: 2012ರಲ್ಲಿ ಆನ್ಸಿಸ್ ಕೊಂಡಿತು, ಆ ಆನ್ಸಿಸ್ಸನ್ನೇ 2025ರಲ್ಲಿ ಸಿನಾಪ್ಸಿಸ್ ಕೊಂಡಿತು.

ಸಿಮ್ಯುಲಿಂಕ್‌ಗೂ ಇದಕ್ಕೂ ಸ್ವಭಾವವೇ ಬೇರೆ. ಸಿಮ್ಯುಲಿಂಕ್ ಹುಟ್ಟಿದ್ದು ಸಿಮ್ಯುಲೇಶನ್‌ಗೆ, ಕೋಡ್ ಮಾಡುವುದು ಆಮೇಲೆ ಸೇರಿದ ಗುಣ. ಹಾಗಾಗಿ ಉದಾರಿ. ನೀವು ಏನು ಎಳೆದರೂ 'ಆಯ್ತು ಸಾರ್' ಅನ್ನುತ್ತದೆ, ಬೇಡದ್ದನ್ನು ನಾವೇ ನಿಯಮ ಮಾಡಿ ತಡೆಯಬೇಕು. ಸ್ಕೇಡ್ ಹುಟ್ಟಿದ್ದೇ ಕೋಡ್‌ಗೆ. ಹಳೇ ಕಾಲದ ಲೆಕ್ಕದ ಮೇಷ್ಟ್ರ ಥರ. ಒಂದು ಸಿಗ್ನಲ್‌ಗೆ ಒಂದು ಹೆಜ್ಜೆಯಲ್ಲಿ ಎರಡು ಸಲ ಬೆಲೆ ಕೊಡಲು ಹೋದರೆ ಒಪ್ಪುವುದಿಲ್ಲ, ತನ್ನ ಉತ್ತರಕ್ಕೆ ತಾನೇ ಕಾಯುವ ಸುತ್ತು ಇದ್ದರೆ ಒಪ್ಪುವುದಿಲ್ಲ. ಕೆಸಿಜಿ ಅನ್ನುವ ಅದರ ಕೋಡ್ ಜನರೇಟರ್‌ನ ದೊಡ್ಡ ಬಂಡವಾಳ ಅಂದರೆ ಅದು ವಿಮಾನದ ಅತಿ ಕಟ್ಟುನಿಟ್ಟಿನ ಮಟ್ಟಕ್ಕೇ ಕ್ವಾಲಿಫೈ (ಈ ಟೂಲನ್ನು ನಂಬಬಹುದು ಅಂತ ದಾಖಲೆ ಸಮೇತ ಸಾಬೀತು) ಆಗಬಲ್ಲದ್ದು. ಅಂದರೆ ಮಾಡೆಲ್ ಸರಿ ಇದ್ದರೆ, ಅದರಿಂದ ಬಂದ ಕೋಡನ್ನು ಸಾಲು ಸಾಲಾಗಿ ಮಾಡೆಲ್‌ಗೆ ಹೋಲಿಸಿ ರಿವ್ಯೂ ಮಾಡುವ ಕೆಲಸ ಬಿಡಬಹುದು. ಎಂಬೆಡೆಡ್ ಕೋಡರ್ ದಾರಿ ಬೇರೆ: ಜನರೇಟರ್ ಮೇಲೆ ಪೂರ್ತಿ ನಂಬಿಕೆ ಇಡುವ ಬದಲು, ಬಂದ ಕೋಡನ್ನು ಪರೀಕ್ಷಿಸುವ ಟೂಲ್‌ಗಳನ್ನು ಕ್ವಾಲಿಫೈ ಮಾಡಿ. ಮನೆಗೆ ಹಾಲು ತರುವವನು ನಂಬಿಕಸ್ಥನೇ ಅಂತ ಮೊದಲೇ ವಿಚಾರಿಸುವುದು ಒಂದು ದಾರಿ, ದಿನಾ ಹಾಲಿಗೆ ಮೀಟರ್ ಇಟ್ಟು ನೋಡುವುದು ಇನ್ನೊಂದು. ಎರಡೂ ನಡೆಯುತ್ತವೆ, ಖರ್ಚಿನ ಜಾಗ ಬೇರೆ.

ಗಾಡಿ ಕೆಲಸಕ್ಕೆ ನಾನು ಸಿಮ್ಯುಲಿಂಕೇ ಆರಿಸುತ್ತೇನೆ. ಕಾರಣ ಸರಳ, ಅದು ಗೊತ್ತಿರುವ ಹುಡುಗರು ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತಾರೆ. ಪ್ಲಾಂಟ್ ಮಾಡೆಲ್ ಮಾಡುವುದಕ್ಕೂ ಅದೇ ಜಾಗ. ವಿಮಾನದ ಲೆವೆಲ್ ಎ ಕೆಲಸ ಇದ್ದರೆ ಸ್ಕೇಡ್‌ನ ಡೆಮೊ ನೋಡದೆ ನಿರ್ಧರಿಸಬೇಡಿ.

ಕಿರಿಕಿರಿಗಳೂ ಇವೆ, ಮುಚ್ಚಿಡುವುದಿಲ್ಲ. ಮಾಡೆಲ್ ಫೈಲು ಮೊದಲು ಸಾದಾ ಟೆಕ್ಸ್ಟ್ ಆಗಿತ್ತು, 2012ರಿಂದ ಈಚೆಗೆ ಅದು ಒಂದು ಜಿಪ್ ಮೂಟೆ. ಗಿಟ್‌ನಲ್ಲಿ (ಫೈಲಿನ ಬದಲಾವಣೆಗಳನ್ನೆಲ್ಲ ಇಟ್ಟುಕೊಳ್ಳುವ ಟೂಲ್) ಇಬ್ಬರು ಒಂದೇ ಮಾಡೆಲ್ ತಿದ್ದಿದರೆ ಸಾದಾ ಡಿಫ್ ಕೆಲಸಕ್ಕೆ ಬರುವುದಿಲ್ಲ, ಅವರದೇ ಹೋಲಿಕೆಯ ಟೂಲ್ ತೆಗೆಯಬೇಕು. ಅದು ಚೆನ್ನಾಗೇ ಇದೆ. ಆದರೂ ಇಬ್ಬರ ಕೆಲಸ ಕೂಡಿಸುವಾಗ ಕೈ ನಡುಗುತ್ತದೆ. ನಮ್ಮ ಉಪಾಯ ಬಹಳ ಹಳ್ಳಿಯದು: ದೊಡ್ಡ ಮಾಡೆಲ್ಲನ್ನು ಸಣ್ಣ ಸಣ್ಣ ರೆಫರೆನ್ಸ್ ಮಾಡೆಲ್ ಮಾಡಿ ಹೊಲ ಹಂಚಿದ ಹಾಗೆ ಹಂಚಿಬಿಡುವುದು. ನಿನ್ನ ಬದು ದಾಟಿ ಬರಬೇಡ.

ಕಾನ್‌ಸ್ಟೆಂಟ್ ಬ್ಲಾಕ್‌ನಲ್ಲಿ 0.95 ಅಂತ ಬರೆದರೆ ಅದು ಡಬಲ್ (64 ಬಿಟ್‌ನ ದಶಮಾಂಶ ಸಂಖ್ಯೆ) ಆಗಿ ಕೂರುತ್ತದೆ. ನಮ್ಮ ಚಿಪ್‌ಗೆ ಸಿಂಗಲ್ (32 ಬಿಟ್) ಮಾತ್ರ ಹಾರ್ಡ್‌ವೇರ್‌ನಲ್ಲಿ ಬರುತ್ತದೆ, ಡಬಲ್ ಲೆಕ್ಕ ಸಾಫ್ಟ್‌ವೇರ್‌ನಲ್ಲಿ ತೆವಳುತ್ತದೆ. ಒಂದು ಬ್ಲಾಕ್ ಹಾಗಿದ್ದರೆ ಅದರ ಮುಂದಿನವೆಲ್ಲ ಅದನ್ನೇ ಅಂಟಿಸಿಕೊಳ್ಳುತ್ತವೆ, ಮನೆಯಲ್ಲಿ ಒಬ್ಬರಿಗೆ ನೆಗಡಿ ಬಂದ ಹಾಗೆ. ಮಾಡೆಲ್ ತಪಾಸಣೆ ಮಾಡುವ ಮಾಡೆಲ್ ಅಡ್ವೈಸರ್ ಓಡಿಸಿದರೆ ಸಿಗುತ್ತದೆ. ದಿನಾ ಓಡಿಸಿ, ತಿಂಗಳ ಕೊನೆಗಲ್ಲ.

ಇನ್ನು ಆಲ್ಜೀಬ್ರಾಯಿಕ್ ಲೂಪ್, ಅಂದರೆ ತನ್ನ ಉತ್ತರಕ್ಕೆ ತಾನೇ ಕಾಯುವ ಸುತ್ತು. ಹೊಸ ಹುಡುಗರು ಎರರ್ ಬಂದ ತಕ್ಷಣ ಸುಮ್ನೆ ಒಂದು ಯೂನಿಟ್ ಡಿಲೇ ಹಾಕಿ ಬಾಯಿ ಮುಚ್ಚಿಸುತ್ತಾರೆ. ಎರರ್ ಹೋಯಿತು, ಆದರೆ ನಿಮ್ಮ ಸಿಗ್ನಲ್ ಒಂದು ಹೆಜ್ಜೆ ಹಳೆಯದಾಯಿತು. ಹತ್ತು ಜಾಗದಲ್ಲಿ ಹಾಗೆ ಮಾಡಿದರೆ ಓವರ್ ಕರೆಂಟ್ ಆದದ್ದು 100 ಮಿಲಿಸೆಕೆಂಡ್ ತಡವಾಗಿ ಗೊತ್ತಾಗಬಹುದು. ನಮ್ಮ ಟೀಮಿನಲ್ಲಿ ಯೂನಿಟ್ ಡಿಲೇ ಹಾಕಿದರೆ ಪಕ್ಕದಲ್ಲಿ ಯಾಕೆ ಅಂತ ಒಂದು ಸಾಲು ಬರೆಯಲೇಬೇಕು. ನಮಗೆ ಬೇಕಾದ ಹುಡುಗ 'ಎರರ್ ಬಂತು ಅದಕ್ಕೆ' ಅಂತ ಬರೆದ ಒಂದು ಸಾಲು ಇನ್ನೂ ಹಳೇ ಮಾಡೆಲ್‌ನಲ್ಲಿದೆ. ಪ್ರಾಮಾಣಿಕ ಅಂತ ಬಿಟ್ಟಿದ್ದೇವೆ.

ಟ್ರೈನಿಂಗ್ ಬಗ್ಗೆಯೂ ಒಂದು ಮಾತು. ಹೆಸರು ಹೇಳುವುದಿಲ್ಲ, ಒಂದು ಟ್ರೈನಿಂಗ್ ಸಂಸ್ಥೆಯವರನ್ನು ಮೂರು ದಿನಕ್ಕೆ ಕರೆಸಿದ್ದೆವು. ಬ್ಲಾಕ್‌ಗಳನ್ನು ಚೆನ್ನಾಗೇ ಹೇಳಿಕೊಟ್ಟರು. ಕೊನೆಯ ದಿನ, 'ಮಾಡೆಲ್ಲೇ ರಿಕ್ವೈರ್‌ಮೆಂಟ್, ಬೇರೆ ಡಾಕ್ಯುಮೆಂಟ್ ಬರೆಯುವ ಅಗತ್ಯವಿಲ್ಲ' ಅಂದುಬಿಟ್ಟರು. ಹುಡುಗರಿಗೆ ಹಬ್ಬ, ಯಾರಿಗೆ ಬೇಕು ಡಾಕ್ಯುಮೆಂಟು? ಆ ಮಾತನ್ನು ತಲೆಯಿಂದ ತೆಗೆಸಲು ನನಗೆ ಆರು ತಿಂಗಳು ಬೇಕಾಯಿತು. ವಿಮಾನದವರ ಸಾಫ್ಟ್‌ವೇರ್ ಸ್ಟ್ಯಾಂಡರ್ಡ್ ಡಿಒ-178ಸಿ 2011ರಲ್ಲಿ ಬಂದಾಗ ಜೊತೆಗೇ ಮಾಡೆಲ್ ಕೆಲಸಕ್ಕೆ ಅಂತ ಡಿಒ-331 ಅನ್ನುವ ಪುರವಣಿ ಬಂತು. ಅದರಲ್ಲಿ ಇದು ಸ್ಪಷ್ಟವಾಗಿದೆ: ಏನು ಬೇಕು ಅನ್ನುವ ಮಾಡೆಲ್ ಬೇರೆ, ಹೇಗೆ ಮಾಡುವುದು ಅನ್ನುವ ಮಾಡೆಲ್ ಬೇರೆ, ಒಂದೇ ಮಾಡೆಲ್ ಎರಡೂ ವೇಷ ಹಾಕುವಂತಿಲ್ಲ. ಯಾವ ಮಾಡೆಲ್‌ನಿಂದ ಕೋಡ್ ಬರುತ್ತದೋ ಅದರ ಹೊರಗೆ, ಅದಕ್ಕಿಂತ ಮೇಲೆ, ರಿಕ್ವೈರ್‌ಮೆಂಟ್ ಇರಲೇಬೇಕು. ನಮ್ಮ ಪ್ರೀಚಾರ್ಜ್ ಕಥೆಯನ್ನೇ ತಗೊಳ್ಳಿ. 'ಮೂರು ಸಲ ಪ್ರಯತ್ನಿಸಬೇಕು, ನಡುವೆ ಒಂದು ಸೆಕೆಂಡ್ ಬಿಡಬೇಕು' ಅಂತ ಬೇರೆ ಕಡೆ ಕನ್ನಡದಷ್ಟು ಸರಳವಾಗಿ ಬರೆದಿದ್ದರಿಂದ ತಾನೇ ಮೇಡಂ ಕಿವಿ ಒಂದೇ ಟಕ್ ಕೇಳಿ ಅನುಮಾನಪಟ್ಟಿದ್ದು? ಮಾಡೆಲ್ಲೇ ರಿಕ್ವೈರ್‌ಮೆಂಟ್ ಆಗಿದ್ದಿದ್ದರೆ ಅದು ಮಾಡಿದ್ದೆಲ್ಲಾ ಸರಿಯೇ.

ದುಡ್ಡು? ಐದಾರು ಜನರ ಸ್ಟಾರ್ಟಪ್‌ಗೆ ಇದು ಭಾರ. ಕೊಳ್ಳುವ ಮುಂಚೆ ಯಾರು ದಿನಾ ಕೋಡ್ ಜನರೇಟ್ ಮಾಡುತ್ತಾರೆ ಅಂತ ಲೆಕ್ಕ ಹಾಕಿ. ಎಲ್ಲರಿಗೂ ಎಂಬೆಡೆಡ್ ಕೋಡರ್ ಬೇಕಿಲ್ಲ, ಬಿಲ್ಡ್ ಮಾಡುವ ಮೆಶಿನ್‌ಗೆ ಒಂದು ಇದ್ದರೆ ಬಹಳ ದೂರ ಹೋಗಬಹುದು. ಕಲಿಯುವುದಕ್ಕೆ ಮಾತ್ರ ಅಂದರೆ ಸೈಲ್ಯಾಬ್‌ನ ಎಕ್ಸ್‌ಕಾಸ್ ಬಿಟ್ಟಿ ಸಿಗುತ್ತದೆ, ಬ್ಲಾಕ್‌ಗಳಲ್ಲಿ ಯೋಚಿಸುವುದು ಅದರಲ್ಲೂ ಬರುತ್ತದೆ. ಆದರೆ ಅಸೆಸರ್ (ಸುರಕ್ಷತೆ ತಪಾಸಣೆ ಮಾಡುವವರು) ಮುಂದೆ ಕೂರಬೇಕಾದ ಕೆಲಸಕ್ಕೆ ಬಿಟ್ಟಿ ಟೂಲ್ ಹಿಡಿದರೆ, ಟೂಲ್ ಸರಿ ಇದೆ ಅಂತ ತೋರಿಸುವ ಕಾಗದ ಪತ್ರ ಪೂರ್ತಿ ನೀವೇ ಮಾಡಬೇಕು. ಆ ಸಂಬಳದ ಲೆಕ್ಕ ಹಾಕಿದರೆ ಬಿಟ್ಟಿ ಅನ್ನಿಸುವುದಿಲ್ಲ. ಇನ್ನು ನಿಮ್ಮದು ಬರೀ ಸೆನ್ಸರ್ ಓದಿ ಕ್ಯಾನ್ (ಗಾಡಿಯೊಳಗಿನ ಡೇಟಾ ತಂತಿ) ಮೇಲೆ ಕಳಿಸುವ ಕೆಲಸವಾದರೆ ಇದ್ಯಾವುದೂ ಬೇಡ. ಡ್ರೈವರ್, ಬೂಟ್‌ಲೋಡರ್ ನಾವೂ ಇವತ್ತಿಗೂ ಕೈಯಲ್ಲೇ ಬರೆಯುತ್ತೇವೆ. ಸ್ಥಿತಿಗಳು ಜಾಸ್ತಿ ಇರುವ, ತಪ್ಪಿದರೆ ಜನಕ್ಕೆ ಪೆಟ್ಟಾಗುವ ಲಾಜಿಕ್ ಇದ್ದರೆ ಮಾತ್ರ ಈ ಖರ್ಚು ವಾಪಸ್ ಹುಟ್ಟುತ್ತದೆ.

ಹಾಗಾದರೆ ಆ ಒಂದು ಮಾರ್ಕು? ಹೂ ಬ್ರಾಕೆಟ್ಟಿಗೆ ಅರ್ಧ. ಮೊದಲಿನಿಂದ ಆಫ್ ಇರುವ ಆ ಟಿಕ್ ಬಾಕ್ಸಿಗೆ ಇನ್ನರ್ಧ.

ಪ್ಲಾಂಟ್ ಮಾಡೆಲ್‌ನಲ್ಲಿ ಈಗ ರಿಲೇ ಆದರ್ಶ ಪುರುಷ ಅಲ್ಲ. ತೆರೆಯಲು 30 ಮಿಲಿಸೆಕೆಂಡ್ ತಗೊಳ್ಳುತ್ತದೆ, ಒಮ್ಮೊಮ್ಮೆ ಬೇಕಂತಲೇ 80, ಒಮ್ಮೊಮ್ಮೆ ತೆರೆಯುವುದೇ ಇಲ್ಲ. ಮೇಡಂ ತಮ್ಮ ಹಿಲ್ ಟೆಸ್ಟ್ ಶೀಟಿನಲ್ಲಿ ಪ್ರೀಚಾರ್ಜ್ ಸೋಲಿನ ಎದುರು ಒಂದು ಸಾಲು ಸೇರಿಸಿದ್ದಾರೆ: 'ಕಿವಿಯಲ್ಲಿ ಎಣಿಸಿ: 3'. ಕಳೆದ ಆಡಿಟ್‌ನಲ್ಲಿ ಅಸೆಸರ್ ಅದನ್ನು ಓದಿ ತಲೆ ಎತ್ತಿ ನಮ್ಮ ಮುಖ ನೋಡಿದರು. ಬೆಂಚಿನ ಹತ್ತಿರ ಕರೆದುಕೊಂಡು ಹೋಗಿ ಒಂದು ಸಲ ಓಡಿಸಿ ತೋರಿಸಿದೆವು. ಅವರೂ ಎಣಿಸಿದರು.